ಕಾಗುಣಿತದ ಕಷ್ಟ: ಡಿಸ್ಲೆಕ್ಸಿಯಾ ಇರುವ ಮಕ್ಕಳು ಮತ್ತು ಕನ್ನಡ ತರಗತಿ

1. ಪೀಠಿಕೆ

ಬುದ್ಧಿಶಕ್ತಿ, ದೃಷ್ಟಿ, ಶ್ರವಣ ಮತ್ತು ಕಲಿಯುವ ಅವಕಾಶ ಇವುಗಳಲ್ಲಿ ಯಾವುದಕ್ಕೂ ಕೊರತೆ ಇಲ್ಲದಿದ್ದರೂ ಬರೆದ ಪದವನ್ನು ತಪ್ಪಿಲ್ಲದೆ, ತಡವರಿಸದೆ ಓದುವುದೂ ಕೇಳಿದ ಪದವನ್ನು ಸರಿಯಾಗಿ ಬರೆಯುವುದೂ ಕೆಲವು ಮಕ್ಕಳಿಗೆ ವರ್ಷಗಟ್ಟಲೆ ಕಷ್ಟವಾಗಿಯೇ ಉಳಿಯುವ ಸ್ಥಿತಿಯನ್ನು ಡಿಸ್ಲೆಕ್ಸಿಯಾ ಎಂದು ಕರೆಯಲಾಗುತ್ತದೆ. ಇದು ರೋಗವಲ್ಲ, ಮಿದುಳು ಭಾಷೆಯ ಧ್ವನಿಗಳನ್ನು ಸಂಸ್ಕರಿಸುವ ಬಗೆಯಲ್ಲಿ ಹುಟ್ಟಿನಿಂದಲೇ ಇರುವ, ಅನೇಕ ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿಯೂ ಕಂಡುಬರುವ ಒಂದು ವ್ಯತ್ಯಾಸ. ಬರವಣಿಗೆಗೆ ಸಂಬಂಧಿಸಿದ ಡಿಸ್ಗ್ರಾಫಿಯಾ, ಲೆಕ್ಕಕ್ಕೆ ಸಂಬಂಧಿಸಿದ ಡಿಸ್ಕ್ಯಾಲ್ಕುಲಿಯಾ ಮುಂತಾದವುಗಳೊಂದಿಗೆ ಸೇರಿಸಿ ಇದನ್ನು 'ನಿರ್ದಿಷ್ಟ ಕಲಿಕಾ ನ್ಯೂನತೆ' ಎಂಬ ವರ್ಗದಲ್ಲಿ ಇರಿಸಲಾಗಿದೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ಡಿಎಸ್ಎಂ-5 ಎಂಬ ಕೈಪಿಡಿಯು ಭಾಷೆ ಮತ್ತು ಸಂಸ್ಕೃತಿ ಯಾವುದೇ ಇರಲಿ, ಶಾಲಾ ವಯಸ್ಸಿನ ಮಕ್ಕಳಲ್ಲಿ 100ಕ್ಕೆ 5ರಿಂದ 15 ಮಂದಿಗೆ ಇಂಥ ನ್ಯೂನತೆ ಇರಬಹುದೆಂದು ಅಂದಾಜಿಸುತ್ತದೆ. ಈ ಅಂದಾಜಿನಲ್ಲಿ ಕೆಳಗಿನ ಅಂಕಿಯನ್ನೇ ಹಿಡಿದರೂ 40 ಮಕ್ಕಳ ತರಗತಿಯಲ್ಲಿ ಇಬ್ಬರಾದರೂ ಇರಬೇಕಾಗುತ್ತದೆ.

ಹೀಗಿದ್ದೂ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಈ ಮಕ್ಕಳು ಗುರುತಿಗೆ ಬರುವುದು ಅಪರೂಪ. ಡಿಸ್ಲೆಕ್ಸಿಯಾದ ಬಗ್ಗೆ ಪ್ರಚಾರದಲ್ಲಿರುವ ತಿಳಿವಳಿಕೆಯ ಬಹುಪಾಲು ಇಂಗ್ಲಿಷ್ ಓದಿನ ಅಧ್ಯಯನಗಳಿಂದ ಬಂದದ್ದು ಇದಕ್ಕೆ ಒಂದು ಕಾರಣವಾದರೆ, ವೈದ್ಯಕೀಯ ಪ್ರಮಾಣಪತ್ರ ದೊರೆತ ಮೇಲಷ್ಟೇ ನೆರವು ಆರಂಭವಾಗಬೇಕೆಂಬ ನಂಬಿಕೆ ಇನ್ನೊಂದು ಕಾರಣ. ಕನ್ನಡ ಲಿಪಿಯಲ್ಲಿ ಈ ತೊಂದರೆ ಯಾವ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಅರಿತ ಶಿಕ್ಷಕರು ಪ್ರಮಾಣಪತ್ರಕ್ಕೆ ಕಾಯದೆ ತರಗತಿಯಲ್ಲಿಯೇ ನೆರವನ್ನು ಆರಂಭಿಸಬಹುದು ಮತ್ತು ಆರಂಭಿಸಬೇಕು ಎಂಬುದು ಈ ಉಪನ್ಯಾಸದ ಪ್ರತಿಪಾದನೆ.

2. ಪರಿಕಲ್ಪನೆ ಬೆಳೆದು ಬಂದ ಬಗೆ

ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮಾಲ್ 1877ರಲ್ಲಿ 'ಪದಾಂಧತೆ' ಎಂಬರ್ಥದ ಹೆಸರಿನಿಂದ ವಿವರಿಸಿದ ಸ್ಥಿತಿಗೆ ಡಿಸ್ಲೆಕ್ಸಿಯಾ ಎಂಬ ಹೆಸರನ್ನು 1880ರ ದಶಕದಲ್ಲಿ ಬಳಕೆಗೆ ತಂದವರು ಸ್ಟುಟ್‌ಗಾರ್ಟ್‌ನ ನೇತ್ರತಜ್ಞ ರುಡಾಲ್ಫ್ ಬರ್ಲಿನ್. ಇಬ್ಬರೂ ಗಮನಿಸಿದ್ದು ಮಿದುಳಿಗೆ ಹಾನಿಯಾಗಿ ಓದುವ ಶಕ್ತಿ ಕಳೆದುಕೊಂಡ ವಯಸ್ಕರನ್ನು. ಮಕ್ಕಳಲ್ಲಿ ಹುಟ್ಟಿನಿಂದಲೇ ಇರುವ ತೊಂದರೆ ವೈದ್ಯಸಾಹಿತ್ಯದಲ್ಲಿ ಸ್ಪಷ್ಟವಾಗಿ ದಾಖಲಾದದ್ದು 1896ರಲ್ಲಿ, ಇಂಗ್ಲೆಂಡಿನ ವೈದ್ಯ ಡಬ್ಲ್ಯು. ಪ್ರಿಂಗಲ್ ಮಾರ್ಗನ್ ಅವರು 14 ವರ್ಷದ ಹುಡುಗನೊಬ್ಬನ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಟಿಪ್ಪಣಿಯಲ್ಲಿ. ಪಾಠಗಳೆಲ್ಲ ಬಾಯಿಮಾತಿನಲ್ಲಿಯೇ ನಡೆಯುವಂತಿದ್ದರೆ ಆ ಹುಡುಗ ಶಾಲೆಯಲ್ಲಿಯೇ ಅತ್ಯಂತ ಚುರುಕಿನವನೆನಿಸುತ್ತಿದ್ದನೆಂದು ಅವನ ಉಪಾಧ್ಯಾಯರು ಅಭಿಪ್ರಾಯಪಟ್ಟಿದ್ದರೆಂಬ ಸಂಗತಿಯನ್ನೂ ಆ ಟಿಪ್ಪಣಿ ದಾಖಲಿಸಿದೆ. ಮಾತಿನ ಸಾಮರ್ಥ್ಯಕ್ಕೂ ಓದಿನ ಸಾಮರ್ಥ್ಯಕ್ಕೂ ನಡುವೆ ಇರುವ ಈ ಅಂತರವನ್ನು ಮೊದಲು ಗ್ರಹಿಸಿದವರು ಉಪಾಧ್ಯಾಯರೇ ಎಂಬುದು ಇಲ್ಲಿ ಗಮನಾರ್ಹ.

ಆರಂಭದ ದಶಕಗಳಲ್ಲಿ ಈ ತೊಂದರೆಯನ್ನು ಕಣ್ಣಿಗೆ ಸಂಬಂಧಿಸಿದ್ದೆಂದು ಭಾವಿಸಲಾಗಿತ್ತು. ಅಕ್ಷರಗಳನ್ನು ತಿರುಗುಮುರುಗಾಗಿ ನೋಡುವುದೇ ಡಿಸ್ಲೆಕ್ಸಿಯಾ ಎಂಬ ಜನಪ್ರಿಯ ಕಲ್ಪನೆ ಆ ಕಾಲದ ಉಳಿಕೆ. 1970ರ ದಶಕದಿಂದ ಈಚೆಗೆ ನಡೆದ ಸಂಶೋಧನೆಗಳು ತೊಂದರೆಯ ಮೂಲ ಧ್ವನಿಯ ಸಂಸ್ಕರಣೆಯಲ್ಲಿದೆ ಎಂಬ ಕಡೆಗೆ ವಾಲಿವೆ. ಆಡುವ ಪದವನ್ನು ಅದರ ಧ್ವನಿಘಟಕಗಳಾಗಿ ಬಿಡಿಸುವ, ಕೂಡಿಸುವ, ಬದಲಾಯಿಸುವ ಅರಿವನ್ನು 'ಧ್ವನಿಪ್ರಜ್ಞೆ' ಎನ್ನುತ್ತಾರೆ. ಡಿಸ್ಲೆಕ್ಸಿಯಾ ಇರುವ ಬಹುಪಾಲು ಮಕ್ಕಳಲ್ಲಿ ಇದು ದುರ್ಬಲವಾಗಿರುತ್ತದೆ. ಚಿತ್ರ, ಬಣ್ಣ ಅಥವಾ ಅಂಕಿಗಳ ಸಾಲನ್ನು ನೋಡುತ್ತ ಬೇಗಬೇಗನೆ ಹೆಸರು ಹೇಳುವ 'ಶೀಘ್ರ ನಾಮೋಚ್ಚಾರ'ದಲ್ಲಿ ಹಿಂದೆ ಬೀಳುವುದು ಮತ್ತೊಂದು ಲಕ್ಷಣ. ಇವೆರಡೂ ಒಟ್ಟಿಗಿರುವ ಮಕ್ಕಳ ಓದು ಹೆಚ್ಚು ಬಾಧಿತವಾಗಿರುತ್ತದೆ.

2001ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಪೌಲೆಸು ಮತ್ತು ಸಂಗಡಿಗರ ಅಧ್ಯಯನವು ಇಟಾಲಿಯನ್, ಫ್ರೆಂಚ್ ಮತ್ತು ಇಂಗ್ಲಿಷ್ ಓದುಗರನ್ನು ಹೋಲಿಸಿ ನೋಡಿತು. ಬರೆದಂತೆ ಓದುವ ಇಟಾಲಿಯನ್ ಭಾಷೆಯ ಡಿಸ್ಲೆಕ್ಸಿಕ್ ಓದುಗರು ಉಳಿದ ಎರಡು ಭಾಷೆಗಳವರಿಗಿಂತ ಕಡಿಮೆ ತಪ್ಪು ಮಾಡಿದರೂ ಓದುವಾಗ ಮಿದುಳಿನ ಎಡಭಾಗದ ಅದೇ ಪ್ರದೇಶದಲ್ಲಿ ಚಟುವಟಿಕೆ ಕಡಿಮೆ ಇದ್ದದ್ದು ಮೂರೂ ಭಾಷೆಯವರಲ್ಲಿ ಕಂಡುಬಂತು. ಜೈವಿಕ ಕಾರಣ ಒಂದೇ ಆಗಿದ್ದರೂ ಅದರ ಹೊರರೂಪವನ್ನು ಆಯಾ ಭಾಷೆಯ ಬರವಣಿಗೆಯ ಪದ್ಧತಿ ನಿರ್ಧರಿಸುತ್ತದೆ ಎಂಬುದು ಇದರ ಸಾರ. ಕನ್ನಡದ ಮಟ್ಟಿಗೆ ಈ ಹೊರರೂಪ ಯಾವುದು ಎಂಬ ಪ್ರಶ್ನೆಯನ್ನು ಕನ್ನಡ ಲಿಪಿಯನ್ನು ನೋಡಿಯೇ ಉತ್ತರಿಸಬೇಕಾಗುತ್ತದೆ.

3. ಕನ್ನಡ ಲಿಪಿಯ ಬೇಡಿಕೆಗಳು

ಕನ್ನಡ ವರ್ಣಮಾಲೆಯಲ್ಲಿ 13 ಸ್ವರ, 34 ವ್ಯಂಜನ ಮತ್ತು 2 ಯೋಗವಾಹಗಳು ಸೇರಿ 49 ಅಕ್ಷರಗಳಿವೆ. ಮಗು ಓದಲು ಕಲಿಯಬೇಕಾದದ್ದು ಇಷ್ಟೇ ಆಗಿದ್ದರೆ ಕೆಲಸ ಹಗುರವಾಗುತ್ತಿತ್ತು. ವ್ಯಂಜನಗಳಿಗೆ ಸ್ವರಚಿಹ್ನೆಗಳು ಸೇರಿ 400ಕ್ಕೂ ಹೆಚ್ಚು ಗುಣಿತಾಕ್ಷರಗಳಾಗುತ್ತವೆ. ಅವುಗಳ ಮೇಲೆ ಒತ್ತಕ್ಷರಗಳು ಬರುತ್ತವೆ. ಒಂದು ಅಕ್ಷರ ಒಂದು ಉಚ್ಚಾರದ ಘಟಕವನ್ನು ಸೂಚಿಸುವುದಾದರೂ ಅದರೊಳಗಿನ ವ್ಯಂಜನ ಮತ್ತು ಸ್ವರಗಳನ್ನು ಬೇರೆಬೇರೆ ಚಿಹ್ನೆಗಳಾಗಿ ಗುರುತಿಸಬಹುದಾದ್ದರಿಂದ ಕನ್ನಡ ಓದುವ ಮಗು ಅಕ್ಷರ ಮತ್ತು ವರ್ಣ ಎಂಬ ಎರಡು ಮಟ್ಟಗಳಲ್ಲಿಯೂ ಧ್ವನಿಯನ್ನು ಅರಿಯಬೇಕಾಗುತ್ತದೆ. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವು ಕನ್ನಡ ಮಕ್ಕಳಲ್ಲಿ ಅಕ್ಷರಗಳ ಪೂರ್ಣ ಪರಿಚಯ ಒಂದೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುವುದನ್ನೂ, ಬಿಡಿ ವರ್ಣಗಳ ಪ್ರಜ್ಞೆ ನಿಧಾನವಾಗಿ ಮೂಡುವುದನ್ನೂ ತೋರಿಸಿಕೊಟ್ಟಿತು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಎಸ್. ರಮಾ ಅವರು ಕನ್ನಡ ಮಕ್ಕಳ ಡಿಸ್ಲೆಕ್ಸಿಯಾ ಕುರಿತು 1980ರ ದಶಕದಲ್ಲಿಯೇ ಕೈಗೊಂಡ ಕೆಲಸ ಮತ್ತು ಮೈಸೂರು ವಿಶ್ವವಿದ್ಯಾನಿಲಯದ ಪ್ರಕಾಶ್ ಪಡಕಣ್ಣಾಯ ಅವರು ಕನ್ನಡ ಓದಿನ ಪ್ರಕ್ರಿಯೆಯ ಬಗ್ಗೆ ನಡೆಸಿದ ಸಂಶೋಧನೆಗಳು ಈ ಕ್ಷೇತ್ರಕ್ಕೆ ಸ್ಥಳೀಯ ತಳಹದಿಯನ್ನು ಒದಗಿಸಿವೆ.

ಲಿಪಿಯಲ್ಲಿ ತೊಡಕು ಉಂಟಾಗುವ ಸ್ಥಳಗಳು ಮುಖ್ಯವಾಗಿ ಮೂರು. ಮೊದಲನೆಯದು ಹ್ರಸ್ವ-ದೀರ್ಘಗಳ ಭೇದ. 'ಕಿ' ಮತ್ತು 'ಕೀ', 'ಕೊ' ಮತ್ತು 'ಕೋ' ನಡುವಿನ ವ್ಯತ್ಯಾಸ ಕಣ್ಣಿಗೆ ಸಣ್ಣದು, ಅರ್ಥಕ್ಕೆ ದೊಡ್ಡದು. ಎರಡನೆಯದು ಒತ್ತಕ್ಷರಗಳ ಆಕಾರ. ಬಹುಪಾಲು ಒತ್ತುಗಳು ಮೂಲಾಕ್ಷರವನ್ನು ಹೋಲುತ್ತವೆಯಾದರೂ ತ, ನ, ಮ, ಯ, ರ, ಲ ಇವುಗಳ ಒತ್ತುಗಳು ಮೂಲಾಕ್ಷರಕ್ಕಿಂತ ಭಿನ್ನವಾಗಿವೆ. 'ಅಪ್ಪ', 'ಅಕ್ಕ', 'ಅಜ್ಜ' ಎಂಬ ಪದಗಳಲ್ಲಿ ಕೆಳಗಿನ ಒತ್ತನ್ನು ನೋಡಿ ಮೇಲಿನ ಅಕ್ಷರವೇ ಎಂದು ಮಗು ಊಹಿಸಬಲ್ಲದು. 'ಅಮ್ಮ', 'ಅತ್ತೆ' ಎಂಬಲ್ಲಿ ಆ ಊಹೆ ಕೆಲಸಕ್ಕೆ ಬಾರದು. ಮೂರನೆಯದು ಅರ್ಕಾವತ್ತು, 'ಸೂರ್ಯ' ಎನ್ನುವಾಗ ರಕಾರದ ಧ್ವನಿ ಯಕಾರಕ್ಕಿಂತ ಮೊದಲು ಕೇಳಿಸುತ್ತದೆ, ಬರೆಯುವಾಗ ಅದರ ಚಿಹ್ನೆ ಯಕಾರದ ನಂತರ ಬರುತ್ತದೆ. ಧ್ವನಿಯ ಕ್ರಮವನ್ನು ಹಿಡಿದಿಟ್ಟುಕೊಳ್ಳುವುದೇ ಕಷ್ಟವಾಗಿರುವ ಮಗುವಿಗೆ ಬರವಣಿಗೆಯ ಕ್ರಮವೂ ಅದಕ್ಕೆ ವಿರುದ್ಧವಾಗಿ ನಿಲ್ಲುತ್ತದೆ.

ಇಂಗ್ಲಿಷಿನಲ್ಲಿ 'ಸಿ' ಎಂಬ ಒಂದೇ ಅಕ್ಷರ 'ಕ್ಯಾಟ್' ಎಂಬಲ್ಲಿ ಕಕಾರವನ್ನೂ 'ಸಿಟಿ' ಎಂಬಲ್ಲಿ ಸಕಾರವನ್ನೂ ಸೂಚಿಸುವಂಥ ಗೊಂದಲ ಕನ್ನಡದಲ್ಲಿ ಬಹುತೇಕ ಇಲ್ಲ. ಆದ್ದರಿಂದ ಡಿಸ್ಲೆಕ್ಸಿಯಾ ಇರುವ ಮಗು ಕನ್ನಡವನ್ನು ಕಾಲಕ್ರಮದಲ್ಲಿ ಸರಿಯಾಗಿ ಓದುವ ಹಂತಕ್ಕೆ ಬರಬಹುದು, ಆದರೆ ಅಕ್ಷರ ಅಕ್ಷರವನ್ನು ಬಿಡಿಬಿಡಿಯಾಗಿ ಕೂಡಿಸುತ್ತ ಓದುವ ನಿಧಾನ ಉಳಿದುಬಿಡುತ್ತದೆ. ತಪ್ಪುಗಳನ್ನಷ್ಟೇ ಎಣಿಸುವ ಪರೀಕ್ಷೆಯಲ್ಲಿ ಇಂಥ ಮಗು ತೇರ್ಗಡೆಯಾಗಿ ಹೋಗುತ್ತದೆ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಾಲಿನ ಆರಂಭ ಮರೆತುಹೋಗಿ ಅದಕ್ಕೆ ಪಾಠದ ಅರ್ಥವೇ ದಕ್ಕಿಲ್ಲವೆಂಬುದು ಗಮನಕ್ಕೆ ಬರುವುದಿಲ್ಲ.

4. ಉಕ್ತಲೇಖನದ ಪುಸ್ತಕವನ್ನು ಓದುವ ಬಗೆ

ಶಿಕ್ಷಕರ ಕೈಯಲ್ಲಿ ಪ್ರತಿ ವಾರವೂ ಇರುವ ಉಕ್ತಲೇಖನದ ಪುಸ್ತಕ ಈ ಮಕ್ಕಳನ್ನು ಗುರುತಿಸುವ ಅತ್ಯುತ್ತಮ ಸಾಧನ. ಅಂಕ ಹಾಕಿ ಕೆಳಗಿಡುವ ಬದಲು ಅದರಲ್ಲಿನ ತಪ್ಪುಗಳನ್ನು ವರ್ಗೀಕರಿಸಿ ನೋಡಿದರೆ ಮಗುವಿನ ಕಷ್ಟದ ಸ್ವರೂಪ ತಿಳಿಯುತ್ತದೆ. 'ಹಾಡು' ಎಂಬುದು 'ಹಡು' ಎಂದೂ, 'ಪುಸ್ತಕ' ಎಂಬುದು ಒಮ್ಮೆ 'ಪುಸಕ' ಎಂದೂ ಮತ್ತೊಮ್ಮೆ 'ಪುತ್ಸಕ' ಎಂದೂ, 'ವರ್ಷ' ಎಂಬುದು 'ವಷ' ಎಂದೂ ಬರೆದಿದ್ದರೆ ದೀರ್ಘ, ಒತ್ತು ಮತ್ತು ಅರ್ಕಾವತ್ತುಗಳಲ್ಲಿ ಮಗು ಎಡವುತ್ತಿದೆ ಎಂದು ತಿಳಿಯಬೇಕು. ಒಂದೇ ಪದವನ್ನು ಒಂದೇ ಪುಟದಲ್ಲಿ ಎರಡು ಬಗೆಯಾಗಿ ತಪ್ಪು ಬರೆಯುವುದು ಅಜಾಗರೂಕತೆಯ ಲಕ್ಷಣವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಾಸ್ತವದಲ್ಲಿ ಆ ಪದದ ರೂಪ ಮನಸ್ಸಿನಲ್ಲಿ ನೆಲೆಗೊಂಡಿಲ್ಲವೆಂಬುದರ ಗುರುತು ಅದು.

ಇದೇ ಪುಸ್ತಕದಲ್ಲಿ ಡಿಸ್ಲೆಕ್ಸಿಯಾಕ್ಕೆ ಸಂಬಂಧಿಸದ ತಪ್ಪುಗಳೂ ಇರುತ್ತವೆ, ಅವುಗಳನ್ನು ಬೇರ್ಪಡಿಸುವುದು ಕನ್ನಡ ಶಿಕ್ಷಕರಿಗಷ್ಟೇ ಸಾಧ್ಯವಾದ ಕೆಲಸ. ಹಳೆಯ ಮೈಸೂರಿನ ಭಾಗದ ಮಗು 'ಹಾಲು' ಎಂಬುದನ್ನು 'ಆಲು' ಎಂದು ಬರೆದರೆ, ಉತ್ತರ ಕರ್ನಾಟಕದ ಮಗು 'ಶಾಲೆ' ಎಂಬುದನ್ನು 'ಸಾಲಿ' ಎಂದು ಬರೆದರೆ, ಯಾವುದೇ ಭಾಗದ ಮಗು 'ಧನ' ಎಂಬುದನ್ನು 'ದನ' ಎಂದು ಬರೆದರೆ ಅದು ಮನೆಯ ಆಡುಮಾತು ಬರವಣಿಗೆಗೆ ಇಳಿದದ್ದು. ಮನೆಯಲ್ಲಿ ಉರ್ದು, ಲಂಬಾಣಿ, ತೆಲುಗು, ತುಳು ಅಥವಾ ಕೊಂಕಣಿ ಆಡುವ ಮಕ್ಕಳ ಬರೆಹದಲ್ಲಿಯೂ ಆಯಾ ಭಾಷೆಯ ಪ್ರಭಾವ ಸಹಜ. ತರಗತಿಯ ಹಲವು ಮಕ್ಕಳು ಹಂಚಿಕೊಂಡಿರುವ ತಪ್ಪು ಭಾಷಾಹಿನ್ನೆಲೆಯದು. ಅದೇ ಮನೆಮಾತಿನ, ಅದೇ ಹಾಜರಾತಿಯ ಮಕ್ಕಳು ದಾಟಿಹೋದ ಹಂತದಲ್ಲಿ ಒಂದೇ ಮಗು ತಿಂಗಳುಗಟ್ಟಲೆ ನಿಂತುಬಿಟ್ಟಿದ್ದರೆ ಅಲ್ಲಿ ವಿಶೇಷ ಗಮನ ಬೇಕು. ಐದಾರು ವರ್ಷದ ಮಕ್ಕಳು ಅಕ್ಷರವನ್ನು ಕನ್ನಡಿಯ ಪ್ರತಿಬಿಂಬದಂತೆ ತಿರುಗಿಸಿ ಬರೆಯುವುದು ಎಲ್ಲೆಡೆ ಸಾಮಾನ್ಯವಾದ್ದರಿಂದ ಅದೊಂದನ್ನೇ ಹಿಡಿದು ತೀರ್ಮಾನಕ್ಕೆ ಬರುವಂತಿಲ್ಲ.

ಬರೆಹದ ಜೊತೆಗೆ ಪ್ರತಿ ಮಗುವನ್ನೂ ಏಕಾಂತದಲ್ಲಿ ಕೂರಿಸಿಕೊಂಡು ಪರಿಚಯವಿಲ್ಲದ ಸುಲಭ ಗದ್ಯವೊಂದನ್ನು ಒಂದು ನಿಮಿಷ ಓದಿಸಿ ಕೇಳುವುದು ಅಗತ್ಯ. ಪಠ್ಯಪುಸ್ತಕದ ಪಾಠವನ್ನು ಅನೇಕ ಮಕ್ಕಳು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿರುವುದರಿಂದ ಅದನ್ನು ಓದಿಸಿದರೆ ನಿಜಸ್ಥಿತಿ ತಿಳಿಯುವುದಿಲ್ಲ. ಇವೆಲ್ಲಕ್ಕೂ ಮೊದಲು ಮಗುವಿನ ಕಣ್ಣು ಮತ್ತು ಕಿವಿಯ ತಪಾಸಣೆ ಆಗಿರಬೇಕು.

5. ಬೋಧನೆಯ ಕ್ರಮ

ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಅನಾ ಗಿಲ್ಲಿಂಗ್‌ಹ್ಯಾಮ್ ಅವರ ಪ್ರಯತ್ನದಿಂದ ರೂಪುಗೊಂಡ ಪದ್ಧತಿಯ ತತ್ತ್ವಗಳು ಸರಳವಾದವು: ಧ್ವನಿ ಮತ್ತು ಚಿಹ್ನೆಯ ಸಂಬಂಧವನ್ನು ಊಹೆಗೆ ಬಿಡದೆ ನೇರವಾಗಿ ಕಲಿಸುವುದು, ಸುಲಭದಿಂದ ಕಠಿಣಕ್ಕೆ ಗೊತ್ತಾದ ಕ್ರಮದಲ್ಲಿ ಸಾಗುವುದು, ನೋಡುವ, ಕೇಳುವ, ಹೇಳುವ, ಬರೆಯುವ ಕ್ರಿಯೆಗಳನ್ನು ಒಟ್ಟಿಗೆ ಬೆಸೆಯುವುದು, ಕಲಿತದ್ದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸುವುದು. ಈ ತತ್ತ್ವಗಳನ್ನು ಕನ್ನಡಕ್ಕೆ ಅಳವಡಿಸುವಾಗ ಪಾಠದ ಘಟಕಗಳು ಕನ್ನಡದವೇ ಆಗಿರಬೇಕು.

ಅಕ್ಷರಗಳ ಅನುಕ್ರಮದ ವಿಷಯದಲ್ಲಿ ಕರ್ನಾಟಕಕ್ಕೆ ಒಂದು ಅನುಕೂಲವಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ನಲಿಕಲಿ ಪದ್ಧತಿಯು ವರ್ಣಮಾಲೆಯ ಸಾಂಪ್ರದಾಯಿಕ ಕ್ರಮವನ್ನು ಬಿಟ್ಟು 'ರ, ಗ, ಸ, ದ, ಅ' ಎಂಬ ಗುಂಪಿನಿಂದ ಕಲಿಕೆಯನ್ನು ಆರಂಭಿಸುತ್ತದೆ. ಈ ಐದು ಅಕ್ಷರಗಳಷ್ಟೇ ಗೊತ್ತಿರುವ ಮಗು 'ಸರ', 'ಅರಸ', 'ಅಗಸ' ಎಂಬ ಪದಗಳನ್ನು ಓದಬಲ್ಲದು. ತನ್ನ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಅದರ ವ್ಯವಸ್ಥೆ ಡಿಸ್ಲೆಕ್ಸಿಯಾ ಇರುವ ಮಗುವಿಗೂ ಹೊಂದುತ್ತದೆ. ಮೆಟ್ಟಿಲಲ್ಲಿ ನಿಂತುಬಿಟ್ಟ ಮಗುವಿಗೆ ಅದೇ ಕಲಿಕಾ ಕಾರ್ಡನ್ನು ಮತ್ತೆ ಕೊಡುವುದರ ಬದಲು ಬೇರೆ ಬಗೆಯ ಪಾಠ ಕೊಡುವುದಷ್ಟೇ ಅಲ್ಲಿ ಸೇರಬೇಕಾದ ಅಂಶ.

ಕಾಗುಣಿತದ ಬೋಧನೆಯಲ್ಲಿ ಹೆಚ್ಚಿನ ಬದಲಾವಣೆ ಅಗತ್ಯ. 'ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ' ಎಂದು ರಾಗವಾಗಿ ಹೇಳುವ ಮಗು ಆ ಸಾಲಿನ ನಡುವಿನ 'ಕೂ' ಎಂಬುದೊಂದನ್ನೇ ಕರಿಹಲಗೆಯ ಮೇಲೆ ಬರೆದು ತೋರಿಸಿದರೆ ಗುರುತಿಸದೆ ಹೋಗಬಹುದು, ಅಥವಾ ಮೊದಲಿನಿಂದ ಇಡೀ ಸಾಲನ್ನು ಹೇಳಿಕೊಂಡು ಬಂದು ಅದನ್ನು ತಲುಪಬಹುದು. ನೆನಪಿನ ಬಲದಿಂದ ನಡೆಯುವ ಈ ಪಠಣ ಓದಿನ ಕೊರತೆಯನ್ನು ಮರೆಮಾಡುತ್ತದೆ. ಅಡ್ಡಸಾಲಿನ ಬದಲು ಕಂಬಸಾಲಿನಲ್ಲಿ, ಅಂದರೆ 'ಕಾ, ಮಾ, ಸಾ, ರಾ' ಎಂದು ಒಂದೇ ಚಿಹ್ನೆಯನ್ನು ಹಲವು ವ್ಯಂಜನಗಳಿಗೆ ಸೇರಿಸಿ ಕಲಿಸಿದಾಗ ಆ ಚಿಹ್ನೆಗೂ 'ಆ' ಎಂಬ ಧ್ವನಿಗೂ ಇರುವ ಸಂಬಂಧ ಸ್ಪಷ್ಟವಾಗುತ್ತದೆ. ಆಮೇಲೆ 'ಕಡು-ಕಾಡು', 'ಬಲೆ-ಬಾಲೆ' ಎಂಬಂಥ ಜೋಡಿಗಳನ್ನು ಕೇಳಿಸಿ, ಸ್ವರವನ್ನು ಎಳೆದು ಹೇಳುವಾಗ ಕೈಯನ್ನೂ ಉದ್ದಕ್ಕೆ ಎಳೆಯುವಂತೆ ಮಾಡಿಸಿ, ಮರಳಿನ ಮೇಲೆ ಬೆರಳಿನಿಂದ ಬರೆಯಿಸುವುದರಿಂದ ಹ್ರಸ್ವ-ದೀರ್ಘದ ಭೇದ ಕಿವಿಗೂ ಕೈಗೂ ಒಟ್ಟಿಗೆ ಪರಿಚಯವಾಗುತ್ತದೆ.

ಒತ್ತಕ್ಷರಗಳನ್ನೂ ಹೀಗೆಯೇ ಗುಂಪುಗೂಡಿಸಬಹುದು. ಆಕಾರ ಬದಲಾಗದ ಸಜಾತೀಯ ಒತ್ತುಗಳು ಮೊದಲು, ಆಕಾರ ಬದಲಾಗುವ ಸಜಾತೀಯ ಒತ್ತುಗಳು ನಂತರ, ವಿಜಾತೀಯ ಒತ್ತುಗಳು ಅದಾದ ಮೇಲೆ, ಅರ್ಕಾವತ್ತು ಕೊನೆಯಲ್ಲಿ ಬರುವಂತೆ ಪಾಠಗಳನ್ನು ಜೋಡಿಸಿದರೆ ಮಗು ಒಂದು ಸಲಕ್ಕೆ ಒಂದೇ ತೊಡಕನ್ನು ಎದುರಿಸುತ್ತದೆ. ಧ್ವನಿಪ್ರಜ್ಞೆಯನ್ನು ಬೆಳೆಸಲು ಪ್ರತ್ಯೇಕ ಸಾಮಗ್ರಿ ಬೇಕಿಲ್ಲ; ಹಿಂದಿನ ಪದದ ಕೊನೆಯ ಅಕ್ಷರದಿಂದ ಮುಂದಿನ ಪದ ಹೇಳುವ ಪದಬಂಡಿ, ಪ್ರಾಸಪದ ಹುಡುಕುವ ಆಟ, 'ಅಮರ' ಎಂಬುದರಲ್ಲಿ 'ಮ' ತೆಗೆದರೆ ಏನು ಉಳಿಯುತ್ತದೆ ಎಂಬ ಪ್ರಶ್ನೆ ಇವು ದಿನಕ್ಕೆ ಹತ್ತು ನಿಮಿಷದಲ್ಲಿ ಇಡೀ ತರಗತಿಗೆ ಆಗುವ ಅಭ್ಯಾಸಗಳು.

6. ದಿನನಿತ್ಯದ ತರಗತಿ ಮತ್ತು ಪರೀಕ್ಷೆ

ಓದು ಸುಧಾರಿಸುವವರೆಗೆ ಮಗು ವಿಜ್ಞಾನ, ಸಮಾಜವಿಜ್ಞಾನ, ಗಣಿತಗಳನ್ನು ಕಲಿಯದೆ ಕಾಯುವಂತಿಲ್ಲವಾದ್ದರಿಂದ ಓದಿನ ಕಷ್ಟವನ್ನು ಬಳಸಿಕೊಂಡು ಹೋಗುವ ದಾರಿಗಳೂ ಬೇಕು. ಮುನ್ಸೂಚನೆಯಿಲ್ಲದೆ ಎಬ್ಬಿಸಿ ಗಟ್ಟಿಯಾಗಿ ಓದಿಸುವ ರೂಢಿಯನ್ನು ಈ ಮಕ್ಕಳ ಮಟ್ಟಿಗೆ ಕೈಬಿಟ್ಟು, ಓದಬೇಕಾದ ಭಾಗವನ್ನು ಹಿಂದಿನ ದಿನವೇ ಗುರುತು ಮಾಡಿಕೊಡಬಹುದು; ಕರಿಹಲಗೆಯಿಂದ ಇಡೀ ಟಿಪ್ಪಣಿಯನ್ನು ನಕಲು ಮಾಡಿಸುವ ಬದಲು ಮುಖ್ಯಾಂಶಗಳ ಹಾಳೆಯನ್ನು ಕೊಡಬಹುದು; ಲೆಕ್ಕದ ಸಮಸ್ಯೆಯ ವಾಕ್ಯವನ್ನು ಓದಿ ಹೇಳಿ ಉತ್ತರವನ್ನಷ್ಟೇ ಮಗುವಿನಿಂದ ಪಡೆಯಬಹುದು; ಪಠ್ಯಪುಸ್ತಕದ ಕ್ಯೂಆರ್ ಸಂಕೇತದ ಮೂಲಕ ದೀಕ್ಷಾ ವೇದಿಕೆಯಲ್ಲಿ ಸಿಗುವ ಪಾಠಗಳನ್ನು ಕೇಳಿಸಬಹುದು. ಉತ್ತರಪತ್ರಿಕೆಯಲ್ಲಿ ವಿಷಯಕ್ಕೂ ಕಾಗುಣಿತಕ್ಕೂ ಬೇರೆಬೇರೆ ಅಂಕ ಕೊಟ್ಟು, ವಾರಕ್ಕೆ ಒಂದೇ ಬಗೆಯ ತಪ್ಪನ್ನು ಆರಿಸಿ ತಿದ್ದಿದರೆ ಮಗು ತಿದ್ದಿಕೊಳ್ಳುವ ಸಂಭವ ಹೆಚ್ಚು. ತಪ್ಪು ಬರೆದ ಪದವನ್ನು ನೂರು ಸಲ ಬರೆಯಿಸುವ ಶಿಕ್ಷೆಯಿಂದ ಪ್ರಯೋಜನವಿಲ್ಲ; ಹತ್ತನೆಯ ಸಲದ ಹೊತ್ತಿಗೆ ನುಸುಳಿದ ತಪ್ಪು ಉಳಿದ ತೊಂಬತ್ತು ಸಲವೂ ಅಭ್ಯಾಸವಾಗುತ್ತದೆ.

ಸುಲಭ ಪರಿಹಾರಗಳ ಆಮಿಷದ ಬಗ್ಗೆ ಎಚ್ಚರ ಅಗತ್ಯ. ಬಣ್ಣದ ಕನ್ನಡಕ, ಬಣ್ಣದ ಹಾಳೆ, ಕಣ್ಣಿನ ವ್ಯಾಯಾಮ ಇವುಗಳಿಂದ ಡಿಸ್ಲೆಕ್ಸಿಯಾ ಗುಣವಾಗುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರವೈದ್ಯರ ಸಂಘಗಳು 2009ರ ಜಂಟಿ ಹೇಳಿಕೆಯಲ್ಲಿ ತಿಳಿಸಿವೆ. 2007ರಲ್ಲಿ ತೆರೆಕಂಡ 'ತಾರೇ ಜಮೀನ್ ಪರ್' ಚಲನಚಿತ್ರ ಡಿಸ್ಲೆಕ್ಸಿಯಾದ ಹೆಸರನ್ನು ಮನೆಮನೆಗೆ ಮುಟ್ಟಿಸಿದ್ದು ದೊಡ್ಡ ಉಪಕಾರವೇ ಆದರೂ, ಇಂಥ ಪ್ರತಿ ಮಗುವಿನಲ್ಲಿಯೂ ಅಡಗಿದ ಕಲಾವಿದನಿರಲೇಬೇಕೆಂಬ ನಿರೀಕ್ಷೆಯನ್ನು ಬೆಳೆಸಿಕೊಳ್ಳುವುದು ಸರಿಯಲ್ಲ. ವಿಶೇಷ ಪ್ರತಿಭೆ ಇರಲಿ ಇಲ್ಲದಿರಲಿ, ಓದಲು ಕಲಿಯುವ ಹಕ್ಕು ಮಗುವಿಗಿದೆ.

7. ಕಾನೂನು ಮತ್ತು ಪ್ರಮಾಣಪತ್ರ

ವಿಕಲಚೇತನರ ಹಕ್ಕುಗಳ ಕಾಯ್ದೆ 2016 ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ತನ್ನ ಅನುಸೂಚಿಯಲ್ಲಿ ಸೇರಿಸಿಕೊಂಡಿದೆ. ಈ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆಹಚ್ಚಿ ಸೂಕ್ತ ಬೋಧನಾ ಕ್ರಮಗಳನ್ನು ಕೈಗೊಳ್ಳುವ ಕರ್ತವ್ಯವನ್ನು ಅದರ 16ನೆಯ ಪ್ರಕರಣ ಶಿಕ್ಷಣ ಸಂಸ್ಥೆಗಳಿಗೆ ಸಂಬಂಧಿಸಿ ವಿಧಿಸುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ಸಹಾಯ, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಇವುಗಳನ್ನು 17ನೆಯ ಪ್ರಕರಣ ಹೆಸರಿಸುತ್ತದೆ. ಈ ನ್ಯೂನತೆಯನ್ನು ನಿರ್ಣಯಿಸಲು ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ, 5ರಿಂದ 7 ಮತ್ತು 8ರಿಂದ 12 ವರ್ಷದ ಮಕ್ಕಳಿಗೆಂದು ಎರಡು ಹಂತಗಳಿರುವ ಪರೀಕ್ಷಾಸಮೂಹ ದೇಶದ ಅನೇಕ ಕಡೆ ಬಳಕೆಯಲ್ಲಿದೆ. ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಮೂರನೆಯ ತರಗತಿ ಅಥವಾ ಎಂಟನೆಯ ವಯಸ್ಸಿನಲ್ಲಿ ಶಿಕ್ಷಕರೇ ಪ್ರಾಥಮಿಕ ತಪಾಸಣೆ ನಡೆಸಬೇಕೆಂದು ಸೂಚಿಸಿತು.

ಪ್ರಮಾಣಪತ್ರ ಪರೀಕ್ಷೆಯ ರಿಯಾಯಿತಿಗೆ ಬೇಕು, ಪಾಠಕ್ಕೆ ಬೇಕಿಲ್ಲ. ಉದ್ದೇಶಿತ ನೆರವು ಕೊಟ್ಟ ಮೇಲೂ ಕನಿಷ್ಠ ಆರು ತಿಂಗಳು ತೊಂದರೆ ಮುಂದುವರಿದಿರಬೇಕೆಂಬುದನ್ನು ಡಿಎಸ್ಎಂ-5 ನಿರ್ಣಯದ ಒಂದು ಷರತ್ತಾಗಿಯೇ ಇಟ್ಟಿದೆ. ಅಂದರೆ ನೆರವು ಮೊದಲು, ನಿರ್ಣಯ ಆಮೇಲೆ. ಆರನೆಯ ವಯಸ್ಸಿನಲ್ಲಿ ಶಾಲೆಗೆ ಸೇರಿದ ಮಗುವನ್ನು ಎಂಟನೆಯ ವಯಸ್ಸಿನವರೆಗೆ ಕಾಯಿಸುವುದೆಂದರೆ ಓದಿನ ತಳಪಾಯ ಬೀಳುವ ಎರಡು ವರ್ಷಗಳನ್ನು ಕಳೆದಂತೆ. ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು ಒಬ್ಬೊಬ್ಬರೂ ಅನೇಕ ಶಾಲೆಗಳನ್ನು ನೋಡಿಕೊಳ್ಳಬೇಕಿರುವುದರಿಂದ ದಿನದ ಕೆಲಸ ತರಗತಿಯ ಶಿಕ್ಷಕರಿಂದಲೇ ಆಗಬೇಕು.

ಭಾಷಾ ವಿನಾಯಿತಿಯ ವಿಷಯದಲ್ಲಿ ಮಾತ್ರ ಎರಡು ಸಲ ಯೋಚಿಸುವುದು ಒಳ್ಳೆಯದು. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗುವಿಗೆ ಹೊರೆ ಕಡಿಮೆ ಮಾಡಬೇಕೆಂದಾಗ ಮೊದಲು ಕೈಬಿಡಲು ತೋಚುವುದು ಕನ್ನಡವೇ. ಬರೆದಂತೆ ಓದುವ ಭಾಷೆಯಲ್ಲಿ ಇಂಥ ಮಗು ಹೆಚ್ಚು ನಿಖರತೆ ಸಾಧಿಸಬಲ್ಲದಾದ್ದರಿಂದ, ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ಓದಿನ ಮೊದಲ ಯಶಸ್ಸು ಕನ್ನಡದಲ್ಲಿಯೇ ಸಿಗುವ ಸಾಧ್ಯತೆ ಹೆಚ್ಚು. ವಿನಾಯಿತಿ ಕಾನೂನು ಕೊಟ್ಟ ಹಕ್ಕು. ಅದನ್ನು ಬೋಧನೆಯ ಪ್ರಯತ್ನ ಮುಗಿದ ಮೇಲೆ ಬಳಸಬೇಕೇ ಹೊರತು ಬೋಧನೆಗೆ ಬದಲಾಗಿ ಬಳಸಬಾರದು.

8. ಉಪಸಂಹಾರ

ಡಿಸ್ಲೆಕ್ಸಿಯಾ ಪೂರ್ತಿಯಾಗಿ ಮಾಯವಾಗುವ ಸ್ಥಿತಿಯಲ್ಲ. ಸರಿಯಾದ ಕಲಿಕೆಯಿಂದ ಅದರ ಭಾರ ಬಹಳಷ್ಟು ಇಳಿಯುತ್ತದೆ ಎಂಬುದು ನೂರು ವರ್ಷಗಳ ಅನುಭವದ ತೀರ್ಮಾನ. ಕರ್ನಾಟಕದ ಶಿಕ್ಷಕ ತರಬೇತಿಯಲ್ಲಿ ಕನ್ನಡ ಬರೆಹದ ತಪ್ಪುಗಳನ್ನು ವಿಶ್ಲೇಷಿಸುವ ಅಭ್ಯಾಸ ಕಡ್ಡಾಯವಾಗಬೇಕು, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು (ಡಯಟ್) ಒತ್ತಕ್ಷರ ಮತ್ತು ಕಾಗುಣಿತದ ಶ್ರೇಣೀಕೃತ ಓದುಪುಸ್ತಕಗಳನ್ನು ಸಿದ್ಧಪಡಿಸಬೇಕು, ಕನ್ನಡದ ಮಕ್ಕಳನ್ನು ಕನ್ನಡದ ಮಾನದಂಡದಿಂದ ಅಳೆಯುವ ಸಾಧನಗಳು ಪ್ರತಿ ತಾಲ್ಲೂಕಿಗೂ ತಲುಪಬೇಕು. ಇವೆಲ್ಲ ಆಗುವವರೆಗೆ ಮಾಡಬಹುದಾದ ಕೆಲಸವೂ ಇದೆ: ಎರಡನೆಯ ತರಗತಿಯ ಕೊನೆಯೊಳಗೆ ಪ್ರತಿ ಮಗುವನ್ನೂ ಒಂದು ನಿಮಿಷ ಓದಿಸಿ ಕೇಳುವುದು ಮತ್ತು ಅದರ ಉಕ್ತಲೇಖನವನ್ನು ತಪ್ಪುಗಳ ಬಗೆಯನ್ನು ಗುರುತಿಸುತ್ತ ನೋಡುವುದು. ಇದಕ್ಕೆ ಯಾವ ಆದೇಶವೂ ಅನುದಾನವೂ ಬೇಕಿಲ್ಲ. ನಾಡಿನ ಪ್ರತಿಯೊಬ್ಬ ಪ್ರಾಥಮಿಕ ಶಾಲಾ ಶಿಕ್ಷಕರೂ ಈ ವರ್ಷದಿಂದಲೇ ಇದನ್ನು ಆರಂಭಿಸಲಿ.